ಚುಕ್ಕೆಯ ಗಿಟಾರಿಗೇಕೆ ಕೀಳರಿಮೆ?

ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಕಳೆದ ತಿಂಗಳು ಒಂದು ಮಿಂಚಂಚೆ ಕಳುಹಿಸಿದ್ದ. ಅವನ ಮಗಳು, ಹದಿನೈದರ ಹುಡುಗಿ, ಶಾಲೆಯ ಜಾಝ್ ವೃಂದದಲ್ಲಿ ಗಿಟಾರ್ ನುಡಿಸುತ್ತಾಳೆ. ಅವಳ ಗಿಟಾರಿನ ಕತ್ತಿನ ಮೇಲೆ ಬಿಳಿಯ ಚುಕ್ಕೆಗಳಿವೆ. ವೃಂದದಲ್ಲಿರುವ ಇನ್ನೊಬ್ಬ ಹುಡುಗನ ಗಿಟಾರಿನಲ್ಲಿ ಅದೇ ಜಾಗದಲ್ಲಿ ಫಳಫಳ ಹೊಳೆಯುವ ಆಯತಾಕಾರದ ಮುತ್ತಿನ ಚಿಪ್ಪುಗಳಿವೆ. ಆ ಹುಡುಗ ಒಂದು ದಿನ ಇವಳ ವಾದ್ಯವನ್ನು ನೋಡಿ, “ಓ, ಇದು ಕಲಿಯುವವರ ಗಿಟಾರ್” ಎಂದನಂತೆ. ಅಂದಿನಿಂದ ಇವಳು ವೇದಿಕೆಯ ಮೇಲೆ ಹಿಂದಿನ ಸಾಲಿನಲ್ಲಿ, ಪಿಯಾನೋದ ಮರೆಯಲ್ಲಿ ಕೂರುತ್ತಿದ್ದಾಳೆ. ತಂದೆಯ ಕರುಳು ಕೇಳಬೇಕಲ್ಲ! ಇದ್ದ ಗಿಟಾರನ್ನು ಮಾರಿ, ಅದೇ ತಯಾರಕರ ಮೇಲಿನ ದರ್ಜೆಯ ಗಿಟಾರೊಂದನ್ನು ಕೊಡಿಸಲು ಅವನು ನಿಶ್ಚಯಿಸಿದ್ದ. “ಮಾವ, ಎರಡರಲ್ಲೂ ಮರ ಒಂದೇ, ಪಿಕಪ್ ಒಂದೇ. ಇನ್‌ಲೇ, ಅಂಚುಪಟ್ಟಿ, ಚಿನ್ನದ ಲೇಪ ಮಾತ್ರ ಬೇರೆ. ಬೆಲೆ ಸುಮಾರು ಎರಡರಷ್ಟು. ನೀವೇನು ಹೇಳುತ್ತೀರಿ?” ಎಂದು ಕೇಳಿದ್ದ.

ನಾನು ಹೇಳಿದೆ. ಅವನಿಗೆ ರುಚಿಸಲಿಲ್ಲ. “ನಿಮಗೆ ಇಲ್ಲಿಯ ವಿಷಯ ತಿಳಿಯದು ಮಾವ” ಎಂದು ಉತ್ತರ ಬಂತು. ಆದಕಾರಣ ಅವನೊಬ್ಬನಿಗೇ ಹೇಳಿದ್ದನ್ನು ಈಗ ಈ ಪುಟದಲ್ಲಿ ಎಲ್ಲರೆದುರಿಗೆ, ಕಾರಣಸಹಿತವಾಗಿ ಹೇಳುತ್ತಿದ್ದೇನೆ. ಅವನೂ ಓದುತ್ತಾನೆಂದು ಬಲ್ಲೆ.

ನಾನು ಗಿಟಾರ್ ವಾದಕನೇನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾಗ ಹಾಸ್ಟೆಲಿನ ಗೆಳೆಯನೊಬ್ಬನಿಂದ ಕಲ್ಕತ್ತದಲ್ಲಿ ತಯಾರಾದ ಹಳೆಯ ಗಿಟಾರೊಂದನ್ನು ಕೊಂಡಿದ್ದೆ. ಅದರ ಚುಕ್ಕೆಗಳು ಚಿಪ್ಪೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ, ಬರಿಯ ಬಣ್ಣ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅಳಿಸಿಹೋದವು. ಅನಂತರವೂ ಅದೇ ಮೂರು ಸ್ವರಗುಚ್ಛಗಳನ್ನು ಅಷ್ಟೇ ಕೆಟ್ಟದಾಗಿ ನುಡಿಸುತ್ತಿದ್ದೆನೆಂದ ಮೇಲೆ ಚುಕ್ಕೆಗಳದೇನೂ ತಪ್ಪಿರಲಿಲ್ಲವೆಂದಾಯಿತು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಭೌತಶಾಸ್ತ್ರವನ್ನು ಕಲಿಸಿದವನಿಗೆ, ಸೋನೋಮೀಟರಿನ ತಂತಿಯನ್ನು ಸಾವಿರಾರು ಬಾರಿ ಮೀಟಿದವನಿಗೆ, ಎಳೆದು ಕಟ್ಟಿದ ತಂತಿಯ ವಿಷಯದಲ್ಲಿ ಮಾತನಾಡುವ ಹಕ್ಕು ಅಷ್ಟಿಷ್ಟಾದರೂ ಉಂಟೆಂದು ಭಾವಿಸುತ್ತೇನೆ.

ವಾದ್ಯವನ್ನು ಹತ್ತಿರದಿಂದ ನೋಡದ ಓದುಗರಿಗಾಗಿ ಎರಡು ಮಾತು. ಗಿಟಾರಿನ ಕತ್ತಿನ ಮೇಲೆ ಬೀಟೆಯದೋ ಕರಿಮರದ್ದೋ ಮೇಪಲ್ ಮರದ್ದೋ ಒಂದು ತೆಳುವಾದ ಹಲಗೆ ಇರುತ್ತದೆ. ಅದೇ ಫ್ರೆಟ್‌ಬೋರ್ಡ್. ವೀಣೆಯ ಮೆಟ್ಟಿಲುಗಳಂತೆ ಅದರಲ್ಲಿ ಅಡ್ಡಲಾಗಿ ಲೋಹದ ಫ್ರೆಟ್‌ಗಳನ್ನು ಕೂರಿಸಿರುತ್ತಾರೆ. ಸಾಮಾನ್ಯವಾಗಿ 3, 5, 7, 9ನೆಯ ಮನೆಗಳಲ್ಲಿ ಒಂದೊಂದು ಗುರುತು, 12ರಲ್ಲಿ ಜೋಡಿ ಗುರುತು. ಮುಂದೆ 15, 17 ಹೀಗೆ. ಹನ್ನೆರಡನೆಯ ಫ್ರೆಟ್ ಎಂದರೆ ತಂತಿಯ ಸರಿ ಅರ್ಧ, ಅಲ್ಲಿ ಸಿಗುವುದು ಮೇಲಿನ ಷಡ್ಜ. ಏಳನೆಯದು ಪಂಚಮ, ಐದನೆಯದು ಮಧ್ಯಮ. ಆದ್ದರಿಂದ ಈ ಗುರುತುಗಳಿಗೆ ಅರ್ಥವಿಲ್ಲವೆಂದಲ್ಲ. ಆದರೆ ಅರ್ಥವಿರುವುದು ಅವುಗಳ ಸ್ಥಾನಕ್ಕೇ ಹೊರತು ಆಕಾರಕ್ಕಲ್ಲ, ದ್ರವ್ಯಕ್ಕಂತೂ ಅಲ್ಲವೇ ಅಲ್ಲ. ಸ್ಥಾನವೂ ಒಂದು ರೂಢಿ ಮಾತ್ರ. ಫ್ರಾನ್ಸಿನ ಸೆಲ್ಮರ್ ಗಿಟಾರುಗಳಲ್ಲಿ ಒಂಬತ್ತರ ಬದಲು ಹತ್ತನೆಯ ಮನೆಯಲ್ಲಿ ಚುಕ್ಕೆ ಇರುತ್ತದೆ. ಜಾಂಗೋ ರೈನ್‌ಹಾರ್ಟ್ ಅದರಿಂದೇನೂ ದಾರಿ ತಪ್ಪಲಿಲ್ಲ. ನಮ್ಮ ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳ ನಡುವೆ ಒಂದೂ ಚುಕ್ಕೆಯಿಲ್ಲ. ಪಿಟೀಲಿನಲ್ಲಿ ಮೆಟ್ಟಿಲೂ ಇಲ್ಲ.

ಇನ್ನೊಂದು ಸಂಗತಿಯನ್ನು ನನ್ನ ಸೋದರಳಿಯ ತನ್ನ ಮಗಳ ಗಿಟಾರನ್ನು ಕೈಗೆತ್ತಿಕೊಂಡು ತಾನೇ ಪರೀಕ್ಷಿಸಲಿ. ವಾದ್ಯವನ್ನು ನೆಟ್ಟಗೆ ತೊಡೆಯ ಮೇಲಿಟ್ಟು ಹಿಡಿದಾಗ ನುಡಿಸುವವಳಿಗೆ ಫ್ರೆಟ್‌ಬೋರ್ಡಿನ ಮುಖ ಸರಿಯಾಗಿ ಕಾಣುವುದೇ ಇಲ್ಲ. ಅವಳಿಗೆ ಕಾಣುವುದು ಕತ್ತಿನ ಮೇಲಂಚು. ಅದಕ್ಕಾಗಿಯೇ ಆ ಅಂಚಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಪುಟ್ಟ ಚುಕ್ಕೆಗಳನ್ನು ಪ್ರತ್ಯೇಕವಾಗಿ ಕೂರಿಸಿರುತ್ತಾರೆ. ಸಾವಿರ ಡಾಲರಿನ ಗಿಟಾರಿನಲ್ಲೂ ಹತ್ತು ಸಾವಿರ ಡಾಲರಿನ ಗಿಟಾರಿನಲ್ಲೂ ಆ ಪುಟ್ಟ ಚುಕ್ಕೆಗಳು ಹೆಚ್ಚುಕಡಿಮೆ ಒಂದೇ. ದುಡಿಯುವುದು ಅವು. ಮುಖದ ಮೇಲಿನ ದೊಡ್ಡ ಚಿಪ್ಪುಗಳು ಎದುರಿಗೆ ಕುಳಿತವರಿಗಾಗಿ ಇರುವಂಥವು. ಗುರುವಿನ ಎದುರು ಕುಳಿತ ಶಿಷ್ಯನಿಗೆ ಅವು ನೆರವಾಗುತ್ತವೆ, ಕತ್ತನ್ನು ವಾಲಿಸಿಕೊಂಡು ನೋಡುವ ಹೊಸಬನಿಗೂ ಅಷ್ಟಿಷ್ಟು ನೆರವಾಗುತ್ತವೆ, ನಿಜ. ಹಾಗೆ ನೋಡಿದರೆ ‘ಕಲಿಯುವವರಿಗಾಗಿ’ ಇರುವುದು ಆ ದೊಡ್ಡ ಆಯತಗಳೇ! ಆ ಹುಡುಗನಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಫ್ರೆಟ್‌ನ ಲೋಹದ ಪಟ್ಟಿ ತನ್ನ ಜಾಗದಿಂದ ಎರಡು ಮಿಲಿಮೀಟರ್ ಸರಿದರೆ ಶ್ರುತಿ ಕೆಟ್ಟದ್ದು ಒಳ್ಳೆಯ ಕಿವಿಗೆ ತಿಳಿಯುತ್ತದೆ. ಮುತ್ತಿನ ಚಿಪ್ಪು ಎರಡು ಅಂಗುಲ ಸರಿದರೂ ತಂತಿಗೆ ಗೊತ್ತಾಗುವುದಿಲ್ಲ. ತಂತಿ ಅದನ್ನು ಮುಟ್ಟುವುದೇ ಇಲ್ಲವಲ್ಲ. ಅಚ್ಚ ಚಿಪ್ಪಿನ ಇನ್‌ಲೇ ಇದ್ದರೆ ನಾದ ‘ತೆರೆದುಕೊಳ್ಳುತ್ತದೆ’ ಎಂದು ಬರೆಯುವವರನ್ನೂ ನಾನು ಓದಿದ್ದೇನೆ. ಕರಿಮರದಲ್ಲಿ ಒಂದೂವರೆ ಮಿಲಿಮೀಟರ್ ಆಳದ ಗುಂಡಿ ತೋಡಿ ಅಂಟಿನಲ್ಲಿ ಹೂತ ಚಿಪ್ಪು ನಾದವನ್ನು ಹೇಗೆ ತೆರೆಯುತ್ತದೆಂದು ಅವರು ವಿವರಿಸಿದರೆ ಕೇಳಲು ಸಿದ್ಧನಿದ್ದೇನೆ.

ಹಾಗಾದರೆ ಈ ಅಂತಸ್ತು ಬಂದದ್ದೆಲ್ಲಿಂದ? ಇತಿಹಾಸವನ್ನು ಕೆದಕಿದರೆ ಸಿಗುವುದು ಸಂಗೀತವಲ್ಲ, ವ್ಯಾಪಾರ. 1920ರ ದಶಕದಲ್ಲಿ ಅಮೆರಿಕದಲ್ಲಿ ಬ್ಯಾಂಜೋದ ಅಬ್ಬರ. ವೇದಿಕೆಯ ದೀಪಕ್ಕೆ ಮಿನುಗಲೆಂದು ಅದರ ಕತ್ತಿಗೆ ಚಿಪ್ಪನ್ನೂ ಚಿಪ್ಪಿನಂತೆ ಕಾಣುವ ಸೆಲ್ಯುಲಾಯ್ಡನ್ನೂ ಧಾರಾಳವಾಗಿ ಮೆತ್ತುತ್ತಿದ್ದರು. ಬ್ಯಾಂಜೋದ ಕಾಲ ಮುಗಿದು ಗಿಟಾರಿನ ಕಾಲ ಬಂದಾಗ ಆ ಶೃಂಗಾರವೂ ಅದರ ಹಿಂದೆಯೇ ಬಂತು. ಆರ್ಚ್‌ಟಾಪ್, ಅಂದರೆ ಪಿಟೀಲಿನಂತೆ ಮುಖ ಉಬ್ಬಿರುವ ಗಿಟಾರುಗಳಲ್ಲಿ ಅದು ಪೈಪೋಟಿಗೇ ಇಳಿಯಿತು. ಗಿಬ್ಸನ್ ಕಂಪನಿ 1934ರಲ್ಲಿ ಸೂಪರ್ 400 ಎಂಬ ಗಿಟಾರನ್ನು ತಂದಿತು. ಹದಿನೆಂಟು ಅಂಗುಲ ಅಗಲ, ಕರ್ಣದಲ್ಲಿ ಸೀಳಿದಂತೆ ಕಾಣುವ ದೊಡ್ಡ ದೊಡ್ಡ ಚಿಪ್ಪಿನ ತುಂಡುಗಳು. ಹೆಸರಿನಲ್ಲಿರುವ 400 ಎಂಬುದೇನು ಗೊತ್ತೆ? ಅದರ ಬೆಲೆ! ಆರ್ಥಿಕ ಮಹಾಕುಸಿತದ ನಡುವೆ ನಾಲ್ಕುನೂರು ಡಾಲರು ಎಂಬುದನ್ನೇ ಹೆಸರಾಗಿ ಹಣೆಗೆ ಅಂಟಿಸಿಕೊಂಡ ವಾದ್ಯ ಅದು. ಎದುರಾಳಿಯಾದ ಎಪಿಫೋನ್ ಸುಮ್ಮನಿದ್ದೀತೆ? ಮರುವರ್ಷ ‘ಎಂಪರರ್’ ಬಂತು, ಅಂದರೆ ಚಕ್ರವರ್ತಿ. ಅದರ ಚಿಪ್ಪಿನ ಆಯತಗಳ ಒಳಗೆ ಬಣ್ಣಬಣ್ಣದ ಅಬಲೋನಿ ಚಿಪ್ಪಿನ ತ್ರಿಕೋನಗಳು. ಅವರ ಆಯತಕ್ಕೆ ಇವರ ಆಯತದೊಳಗೊಂದು ತ್ರಿಕೋನ! ರೇಖಾಗಣಿತದ ಪಾಠವನ್ನು ನಾನೂ ಇಷ್ಟು ಉತ್ಸಾಹದಿಂದ ಮಾಡಿರಲಿಲ್ಲ.

1950ರ ದಶಕಕ್ಕೆ ಬಂದರೆ ಇದೊಂದು ವರ್ಣವ್ಯವಸ್ಥೆಯೇ ಆಗಿದೆ. ಗಿಬ್ಸನ್ನಿನವರ ಲೆಸ್ ಪಾಲ್ ಎಂಬ ಇಲೆಕ್ಟ್ರಿಕ್ ಗಿಟಾರುಗಳ ಕುಟುಂಬವನ್ನೇ ನೋಡಿ. ಜೂನಿಯರ್ ಮತ್ತು ಸ್ಪೆಷಲ್‌ಗೆ ಚುಕ್ಕೆ. ಅದಕ್ಕಿಂತ ಮೇಲಿನದಕ್ಕೆ ತ್ರಾಪಿಜ್ಯ. ಎಲ್ಲಕ್ಕಿಂತ ಮೇಲಿನ ಕಸ್ಟಮ್‌ಗೆ ಕರಿಮರದ ಹಲಗೆಯ ಮೇಲೆ ಅಚ್ಚ ಮುತ್ತಿನ ಚಿಪ್ಪಿನ ಆಯತ. 1954ರಲ್ಲಿ ಜೂನಿಯರ್ ಬೆಲೆ 99.50 ಡಾಲರ್, ಕಸ್ಟಮ್ ಬೆಲೆ 325. ಬೆಲೆಯ ವ್ಯತ್ಯಾಸವೆಲ್ಲ ಚಿಪ್ಪಿನದೇ ಎಂದು ನಾನು ಹೇಳುತ್ತಿಲ್ಲ, ಪಿಕಪ್ಪುಗಳ ಸಂಖ್ಯೆ, ಮೈಯ ಆಕಾರ, ಲೋಹದ ಸಾಮಾನು ಎಲ್ಲವೂ ಬೇರೆಯೇ. ಆದರೆ ದೂರದಿಂದ ನೋಡಿದವನಿಗೆ ‘ಇವನು ಯಾರು’ ಎಂದು ತಿಳಿಸುವ ಲಾಂಛನ ಫ್ರೆಟ್‌ಬೋರ್ಡಿನ ಮೇಲಿತ್ತು. ಮರದ ಗುಣವನ್ನು ದೂರದಿಂದ ಕಾಣಲಾಗದು, ಆಯತ ಮಾತ್ರ ಹತ್ತನೆಯ ಸಾಲಿಗೂ ಕಾಣುತ್ತದೆ.

ಈಗ ಕೇಳಿ ತಮಾಷೆಯನ್ನು. ಆ ನಡುವಿನ ದರ್ಜೆಯ ತ್ರಾಪಿಜ್ಯಗಳು ಚಿಪ್ಪೇ ಅಲ್ಲ, ಸೆಲ್ಯುಲೋಸ್ ನೈಟ್ರೇಟ್, ಅಂದರೆ ಸೆಲ್ಯುಲಾಯ್ಡ್. ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡುವ ಪ್ಲಾಸ್ಟಿಕ್. ಇಂಥದೇ ಮಿನುಗು ಹಾಳೆಯಿಂದ ಅಲ್ಲಿ ಶೌಚದ ಪೀಠಗಳನ್ನೂ ಮಾಡುತ್ತಿದ್ದುದರಿಂದ ಅಮೆರಿಕದ ವಾದಕರು ಅದಕ್ಕೆ ಹಾಸ್ಯವಾಗಿ ‘ಕಕ್ಕಸು ಪೀಠದ ಮುತ್ತು’ ಎನ್ನುತ್ತಾರೆ. ಮಾತು ಒರಟಾಯಿತು, ಕ್ಷಮೆಯಿರಲಿ. ಆದರೆ 1958ರಿಂದ 1960ರವರೆಗೆ ತಯಾರಾದ, ಇದೇ ಪ್ಲಾಸ್ಟಿಕ್ ತ್ರಾಪಿಜ್ಯಗಳಿರುವ ಲೆಸ್ ಪಾಲ್ ಸ್ಟ್ಯಾಂಡರ್ಡ್ ಗಿಟಾರುಗಳು ಇಂದು ಲಕ್ಷಗಟ್ಟಲೆ ಡಾಲರುಗಳಿಗೆ ಮಾರಾಟವಾಗುತ್ತವೆ. ಅಚ್ಚ ಚಿಪ್ಪಿನ ಆಯತಗಳನ್ನು ಧರಿಸಿದ ಅದೇ ಕಾಲದ ಕಸ್ಟಮ್‌ಗಳು ಬೆಲೆಯಲ್ಲಿ ಅವುಗಳ ಹತ್ತಿರ ಸುಳಿಯುವುದಿಲ್ಲ. ಅಷ್ಟೇ ಅಲ್ಲ. ಹೊಸ ಗಿಟಾರಿನ ತ್ರಾಪಿಜ್ಯಗಳನ್ನು ಕಿತ್ತು, ಹಳೆಯ ಪಾಕದಲ್ಲೇ ಮಾಡಿದ, ಹಳೆಯ ಸುರುಳಿ ಗೆರೆಗಳೇ ಇರುವ ಸೆಲ್ಯುಲಾಯ್ಡ್ ತುಂಡುಗಳನ್ನು ದುಡ್ಡು ಕೊಟ್ಟು ಹಾಕಿಸಿಕೊಳ್ಳುವವರಿದ್ದಾರೆ. ಚಿಪ್ಪಿನ ನಕಲಿಗೆ ನಕಲು! ಮೂಲದಲ್ಲಿ ಸೆಲ್ಯುಲಾಯ್ಡ್ ಹುಟ್ಟಿದ್ದೇ ಬಿಲಿಯರ್ಡ್ ಚೆಂಡಿಗೆ ಆನೆಯ ದಂತದ ಬದಲಿಗೆ ಏನಾದರೂ ಬೇಕೆಂಬ ಹುಡುಕಾಟದಲ್ಲಿ.

ಇದಕ್ಕಿಂತ ಸ್ವಾರಸ್ಯವಾದದ್ದು ಇಎಸ್-335 ಎಂಬ ಅರೆಟೊಳ್ಳು ಗಿಟಾರಿನ ಕತೆ. 1958ರಲ್ಲಿ ಅದು ಬಂದಾಗ ಫ್ರೆಟ್‌ಬೋರ್ಡಿನಲ್ಲಿ ಬರಿಯ ಚುಕ್ಕೆಗಳಿದ್ದವು. 1962ರಲ್ಲಿ ಕಂಪನಿಯವರು ಅದಕ್ಕೆ ‘ಬಡ್ತಿ’ ಕೊಟ್ಟು ಚಿಕ್ಕ ಆಯತಗಳನ್ನು ಹಾಕಿದರು. ಈಗ ಸಂಗ್ರಾಹಕರು ಹುಡುಕಿಕೊಂಡು ಹೋಗುವುದು ಯಾವುದನ್ನು? ಚುಕ್ಕೆಯದನ್ನು! ‘ಡಾಟ್ ನೆಕ್’ ಎಂಬ ಎರಡು ಪದ ಸೇರಿದರೆ ಬೆಲೆ ಏರುತ್ತದೆ. 1981ರಲ್ಲಿ ಕಂಪನಿಯವರೇ ಚುಕ್ಕೆಯ ಮಾದರಿಯನ್ನು, ‘ಡಾಟ್’ ಎಂಬ ಹೆಸರಿನಲ್ಲೇ, ಮತ್ತೆ ತಂದರು. ಜೂನಿಯರ್‌ನ ಕತ್ತಿನಲ್ಲಿ ಬಡತನದ ಗುರುತಾದ ಚುಕ್ಕೆ 335ರ ಕತ್ತಿನಲ್ಲಿ ಕುಲೀನತೆಯ ಗುರುತು. ಚುಕ್ಕೆ ಅದೇ. ನನ್ನ ತಂಗಿಯ ಮೊಮ್ಮಗಳು ಪಿಯಾನೋದ ಮರೆಗೆ ಸರಿದದ್ದು ಇಂಥ ಚುಕ್ಕೆಗಾಗಿ.

ಫೆಂಡರ್ ಕಂಪನಿಯವರದು ಇನ್ನೊಂದು ಬಗೆ. 1959ರಿಂದ 1964ರವರೆಗಿನ ಅವರ ಬೀಟೆ ಹಲಗೆಗಳ ಮೇಲಿನ ಮಂಕು ಚುಕ್ಕೆಗಳಿಗೆ ‘ಮಣ್ಣಿನ ಚುಕ್ಕೆ’ ಎಂದು ಹೆಸರು. ಅವು ಮಣ್ಣಿನವಲ್ಲ. ಆಮೇಲೆ ಮಿನುಗುವ ಪ್ಲಾಸ್ಟಿಕ್ ಚುಕ್ಕೆಗಳು ಬಂದವು. ಇಂದು ಹನ್ನೆರಡನೆಯ ಮನೆಯ ಜೋಡಿ ಚುಕ್ಕೆಗಳ ನಡುವಣ ಅಂತರವನ್ನು ಅಳೆದು ಗಿಟಾರಿನ ವರ್ಷ ನಿರ್ಧರಿಸುವ ಪಂಡಿತರಿದ್ದಾರೆ. ಶಾಸನತಜ್ಞರು ಲಿಪಿಯ ತಲೆಕಟ್ಟನ್ನು ನೋಡಿ ಕಾಲ ಹೇಳುವಂತೆ! ಇದನ್ನು ನಾನು ಲೇವಡಿ ಮಾಡುವುದಿಲ್ಲ. ಕಾಲನಿರ್ಣಯಕ್ಕೆ ಅದು ಉಪಯುಕ್ತವೇ. ಯೋಗ್ಯತಾನಿರ್ಣಯಕ್ಕೆ ಅದನ್ನು ಬಳಸಿದಾಗ ಮಾತ್ರ ನನ್ನ ತಕರಾರು.

ಇಷ್ಟು ಹೇಳಿದ ಮೇಲೆ ‘ಮೇಷ್ಟ್ರಿಗೆ ಸೌಂದರ್ಯವೆಂದರೆ ಆಗದು’ ಎಂದು ಯಾರೂ ತೀರ್ಮಾನಿಸಬಾರದು. ಇನ್‌ಲೇ ಎಂಬ ಕೆಲಸವನ್ನು ನಾನು ಗಿಟಾರಿಗಿಂತ ಮೊದಲೇ ನೋಡಿದ್ದೇನೆ. ಮೈಸೂರಿನ ಮಂಡಿ ಮೊಹಲ್ಲಾದ ಕಡೆ ಬೀಟೆಯ ಹಲಗೆಯ ಮೇಲೆ ಕೆತ್ತಿ ಕೂರಿಸುವ ಕುಶಲಕರ್ಮಿಗಳ ಮನೆಗಳಿದ್ದವು. ಚಿಕ್ಕಂದಿನಲ್ಲಿ ಶಾಲೆಯಿಂದ ಬರುವಾಗ ಒಂದು ಮನೆಯ ಜಗಲಿಯ ಮುಂದೆ ನಿಂತುಬಿಡುತ್ತಿದ್ದೆ. ಅಲ್ಲೊಬ್ಬ ವೃದ್ಧರು ಕೂದಲೆಳೆಯಂಥ ಗರಗಸದಿಂದ ದಂತದ ಚೂರನ್ನು ಆನೆಯ ಸೊಂಡಿಲಿನ ಆಕಾರಕ್ಕೆ ಕತ್ತರಿಸುತ್ತಿದ್ದರು. ಮೊದಲು ಕಾಗದದ ಮೇಲೆ ಚಿತ್ರ, ಆಮೇಲೆ ತುಂಡುಗಳು, ಅನಂತರ ಅದೇ ಆಕಾರಕ್ಕೆ ಮರದಲ್ಲಿ ತೋಡಿದ ಗುಂಡಿ, ಅಂಟು, ಅರ, ಹೊಳಪು. ಗುಂಡಿಯ ಅಂಚಿಗೂ ದಂತದ ಅಂಚಿಗೂ ನಡುವೆ ಗಾಳಿಯೂ ನುಸುಳಬಾರದು. ಒಮ್ಮೆ ಅವರು ಮೂರು ದಿನ ಕೆಲಸ ಮಾಡಿದ ಚೂರು ಕೊನೆಯ ಗಳಿಗೆಯಲ್ಲಿ ಮುರಿಯಿತು. ಅವರು ಏನೂ ಮಾತನಾಡಲಿಲ್ಲ, ಒಂದು ಬೀಡಿ ಹಚ್ಚಿದರು, ಮತ್ತೊಂದು ಚೂರನ್ನು ಎತ್ತಿಕೊಂಡರು. ಅರಮನೆಯ ದಂತ ಕೂರಿಸಿದ ಬೀಟೆಯ ಬಾಗಿಲುಗಳನ್ನು ನೋಡಿದಾಗಲೆಲ್ಲ ನನಗೆ ಆ ಬೀಡಿಯೇ ನೆನಪಾಗುತ್ತದೆ.

1986ರ ಮತ್ತು 1991ರ ಕಾನೂನು ತಿದ್ದುಪಡಿಗಳಿಂದ ದಂತದ ವ್ಯಾಪಾರ ನಿಂತಿತು, ನಿಲ್ಲಬೇಕಾದದ್ದೇ. ಆ ಬೀದಿಯಲ್ಲಿ ದಂತದ ಜಾಗಕ್ಕೆ ಬಿಳಿಯ ಪ್ಲಾಸ್ಟಿಕ್ ಬಂತು. ಆ ಕಾರಣಕ್ಕೆ ಕೆಲಸ ಕೀಳಾಯಿತೆ? ಸೊಂಡಿಲಿನ ಬಾಗು ಹಾಗೆಯೇ ಇತ್ತು, ಅಂಚು ಹಾಗೆಯೇ ಕೂಡುತ್ತಿತ್ತು. ದ್ರವ್ಯ ಬದಲಾದರೂ ಕೈ ಬದಲಾಗಲಿಲ್ಲ. ಮೈಸೂರಿನ ಬೀಟೆ ಇನ್‌ಲೇ ಕೆಲಸಕ್ಕೆ 2005ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿತು. ಅದು ಸಿಕ್ಕಿದ್ದು ಆ ಕೈಗೆ.

ನನ್ನ ವಾದ ಇಷ್ಟೆ: ಬೆಲೆ ಕೊಡುವುದಾದರೆ ಕೈಗೆ ಕೊಡಿ, ದರ್ಜೆಗೆ ಕೊಡಬೇಡಿ. ಒಬ್ಬ ಶಿಲ್ಪಿ ತಿಂಗಳುಗಟ್ಟಲೆ ಕುಳಿತು, ಚಿಪ್ಪಿನ ದೂಳು ಪುಪ್ಪುಸಕ್ಕೆ ಹೋಗದಂತೆ ಮುಖವಾಡ ಕಟ್ಟಿಕೊಂಡು, ಫ್ರೆಟ್‌ಬೋರ್ಡಿನುದ್ದಕ್ಕೂ ಬಳ್ಳಿಯೊಂದನ್ನು ಹಬ್ಬಿಸಿದರೆ ಅದಕ್ಕೆ ಕೇಳಿದಷ್ಟು ಕೊಡಬಹುದು. ಫ್ರೆಟ್‌ಬೋರ್ಡ್ ಚಪ್ಪಟೆಯಲ್ಲ, ಅಡ್ಡಲಾಗಿ ಸ್ವಲ್ಪ ಉಬ್ಬಿರುತ್ತದೆ. ಚಿಪ್ಪು ಚಪ್ಪಟೆ, ತೆಳು, ಮತ್ತು ಗಾಜಿನಂತೆ ಸಿಡಿಯುವಂಥದು. ಉಬ್ಬಿಗೆ ತಕ್ಕಂತೆ ಉಜ್ಜುವಾಗ ಒಂದು ಕ್ಷಣ ಹೆಚ್ಚಾದರೆ ಅಂಚಿನಲ್ಲಿ ಚಿಪ್ಪು ಸವೆದು ಅಂಟು ಕಾಣಿಸಿಕೊಳ್ಳುತ್ತದೆ. ಈ ಕಷ್ಟ ಬಲ್ಲವನು ಬೆಲೆಗೆ ಚೌಕಾಸಿ ಮಾಡಲಾರ. ಪಾಲ್ ರೀಡ್ ಸ್ಮಿತ್ ಕಂಪನಿ 1992ರಲ್ಲಿ ತಂದ ಡ್ರ್ಯಾಗನ್ ಗಿಟಾರಿನ ಫ್ರೆಟ್‌ಬೋರ್ಡಿನ ಉದ್ದಕ್ಕೂ ಮಲಗಿರುವ ಘಟಸರ್ಪಕ್ಕೆ ಇನ್ನೂರಕ್ಕೂ ಹೆಚ್ಚು ತುಂಡುಗಳು. ಅಂಥವನ್ನು ಮಾಡಿದ್ದು ಐವತ್ತು ಮಾತ್ರ. ಅದು ನನ್ನ ಅಭಿರುಚಿಗೆ ತುಸು ಹೆಚ್ಚೇ ಆಯಿತೆನ್ನಿ, ಆದರೂ ನಮಸ್ಕಾರ ಮಾಡುತ್ತೇನೆ. ಅದೇ ಕಂಪನಿಯ ಸಾಮಾನ್ಯ ಗಿಟಾರುಗಳಲ್ಲಿರುವ ಹಾರುವ ಹಕ್ಕಿಗಳು ನನಗೆ ಇನ್ನೂ ಇಷ್ಟ. ಸ್ಮಿತ್ ಅವರ ತಾಯಿಗೆ ಹಕ್ಕಿ ನೋಡುವ ಹವ್ಯಾಸವಿತ್ತಂತೆ.

ಆದರೆ ಈ ಹೊತ್ತು ಕಾರ್ಖಾನೆಯ ಗಿಟಾರುಗಳಲ್ಲಿ ಗುಂಡಿ ತೋಡುವುದು ಗಣಕಯಂತ್ರದ ಆದೇಶದಂತೆ ಚಲಿಸುವ ಯಂತ್ರ, ಚಿಪ್ಪು ಕತ್ತರಿಸುವುದೂ ಅಂಥದೇ ಯಂತ್ರ. ಅದಕ್ಕೆ ದುಂಡು ಚುಕ್ಕೆಯೂ ಒಂದೇ, ಆಯತವೂ ಒಂದೇ, ಸೀಳಿದ ಸಮಾಂತರ ಚತುರ್ಭುಜವೂ ಒಂದೇ. ಚಿಪ್ಪು ಕೂಡ ಈಗ ತೆಳುವಾದ ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಹಾಳೆಯಾಗಿ ಸಿಗುತ್ತದೆ, ಅಂಚಿನಿಂದ ಅಂಚಿಗೆ ಒಂದೇ ಬಣ್ಣ, ವ್ಯರ್ಥ ಕಡಿಮೆ. ಒಳ್ಳೆಯ ಉಪಾಯವೇ. ಶ್ರಮ ಇಷ್ಟು ಇಳಿದ ಮೇಲೂ ದರ್ಜೆಯ ಬೆಲೆ ಇಳಿಯಲಿಲ್ಲವೆಂದರೆ ನಾವು ಕೊಳ್ಳುತ್ತಿರುವುದು ಏನನ್ನು? ಹುಡುಗನೊಬ್ಬ ‘ಕಲಿಯುವವರ ಗಿಟಾರ್’ ಎನ್ನದಿರಲೆಂಬ ಅಭಯವನ್ನು. ಅದಕ್ಕೆ ಎರಡರಷ್ಟು ಬೆಲೆ!

ಫ್ರೆಟ್‌ಬೋರ್ಡಿನ ಮೇಲಿನ ಚಿಪ್ಪಿನ ಬಗ್ಗೆ ಇಷ್ಟು ಚರ್ಚಿಸುವವರು ಅದರ ಕೆಳಗಿನ ಮರದ ಬಗ್ಗೆ ಚರ್ಚಿಸುವುದು ಅಪರೂಪ. ಬ್ರೆಜಿಲಿನ ಬೀಟೆ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷಿದ್ಧ. ಅದಕ್ಕೂ ಬಹಳ ಮುಂಚೆ, 1960ರ ದಶಕದ ಮಧ್ಯದಿಂದಲೇ, ದೊಡ್ಡ ಕಂಪನಿಗಳು ಭಾರತದ ಬೀಟೆಯತ್ತ ತಿರುಗಿದ್ದವು. ನಮ್ಮ ಪಶ್ಚಿಮ ಘಟ್ಟದ ಮರವೇ ಅದು. ಭಾರತದಿಂದ ತರಿಸಿದ ಇಂಥ ಮರದ ವಿವಾದವೂ ಸೇರಿದಂತೆ ನಡೆದ ಪ್ರಕರಣವೊಂದರಲ್ಲಿ ಗಿಬ್ಸನ್ ಕಂಪನಿ 2012ರಲ್ಲಿ ಮೂರು ಲಕ್ಷ ಡಾಲರ್ ದಂಡ ಕಟ್ಟಿ ರಾಜಿ ಮಾಡಿಕೊಂಡಿತು. ನೂರು ವರ್ಷ ಬೆಳೆದ ಮರದ ಹಲಗೆಗಿಂತ ಅದರಲ್ಲಿ ತೋಡಿದ ಗುಂಡಿಗೆ ಗೌರವ ಹೆಚ್ಚು.

ವಾದಕರನ್ನೇ ಕೇಳೋಣ. ಇಲೆಕ್ಟ್ರಿಕ್ ಗಿಟಾರನ್ನು ಜಾಝ್ ಸಂಗೀತದ ಮುಂದಿನ ಸಾಲಿಗೆ ತಂದ ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್ ಅವರ ತಂಡ ಸೇರಿದಾಗ ನುಡಿಸುತ್ತಿದ್ದುದು ಇಎಸ್-150 ಎಂಬ ಆರ್ಚ್‌ಟಾಪ್. ಅದರಲ್ಲಿದ್ದದ್ದು ಚುಕ್ಕೆ. ಆಮೇಲೆ ಹೆಚ್ಚು ಅಲಂಕಾರದ ಇಎಸ್-250 ಕೂಡ ಅವನ ಕೈಗೆ ಬಂತು. ಇಪ್ಪತ್ತೈದನೆಯ ವಯಸ್ಸಿಗೆ, 1942ರಲ್ಲಿ, ತೀರಿಕೊಂಡ. ಅವನನ್ನು ಮುಂದಿನ ಸಾಲಿಗೆ ತಂದ ಗಿಟಾರಿನಲ್ಲಿ ಚುಕ್ಕೆಗಳಿದ್ದವೆಂಬುದನ್ನು ಹಿಂದಿನ ಸಾಲಿಗೆ ಸರಿದಿರುವ ಹುಡುಗಿಗೆ ತಿಳಿಸಬೇಕು. ವೆಸ್ ಮಾಂಟ್‌ಗೊಮೆರಿಯ ಎಲ್-5ನಲ್ಲಿ ಚಿಪ್ಪಿನ ಆಯತಗಳಿದ್ದವಲ್ಲ ಎಂದು ನನ್ನ ಸೋದರಳಿಯ ಕೇಳಿಯೇ ಕೇಳುತ್ತಾನೆ. ಇದ್ದವು. ಅವನ ನಾದ ಬಂದದ್ದು ಪಿಕ್ ಬಿಟ್ಟು ಮೀಟಿದ ಹೆಬ್ಬೆರಳಿನಿಂದ.

ಚೆಟ್ ಅಟ್ಕಿನ್ಸ್ ಅವರದು ಇನ್ನೂ ಮಜವಾದ ಪ್ರಸಂಗ. 1950ರ ದಶಕದ ಮಧ್ಯದಲ್ಲಿ ಗ್ರೆಚ್ ಕಂಪನಿಯವರು ಅವರ ಹೆಸರಿನ ಗಿಟಾರಿನ ಫ್ರೆಟ್‌ಬೋರ್ಡಿನ ಮೇಲೆ ಕಳ್ಳಿಗಿಡ, ದನದ ತಲೆ ಮುಂತಾದ ಪಶ್ಚಿಮ ಅಮೆರಿಕದ ಚಿತ್ರಗಳನ್ನು ಕೊರೆದರು. ಅಟ್ಕಿನ್ಸ್‌ಗೆ ಅದು ಹಿಡಿಸಲಿಲ್ಲ, ಹೇಳಿ ತೆಗೆಸಿದರು. 1958ರ ಹೊತ್ತಿಗೆ ಅದರ ಜಾಗಕ್ಕೆ ಬಂದದ್ದು ಹಲಗೆಯ ಒಂದು ಅಂಚಿನಲ್ಲಿ ಮಾತ್ರ ಇಣುಕುವ, ಹೆಬ್ಬೆರಳಿನ ಉಗುರಿನಂಥ ಅರ್ಧಚಂದ್ರ. ವಾದಕನಿಗೆ ಹತ್ತಿರದ ಅಂಚಿನಲ್ಲೇ ಇರುವ, ಉಳಿದ ಮರವನ್ನು ಬರಿದಾಗಿ ಬಿಡುವ ಗುರುತು. ಈ ವಿಷಯದಲ್ಲಿ ನಾನು ನೋಡಿದ ಅತ್ಯಂತ ಸುಸಂಸ್ಕೃತವಾದ ವಿನ್ಯಾಸ ಅದೇ.

ಇನ್ನು ಜೇಮ್ಸ್ ಡಿ’ಅಕ್ವಿಸ್ಟೊ. ನ್ಯೂಯಾರ್ಕಿನ ಕೆನ್‌ಮೇರ್ ಬೀದಿಯ ಜಾನ್ ಡಿ’ಆಂಜೆಲಿಕೊ ಅವರ ಅಂಗಡಿಯಲ್ಲಿ ಹದಿಹರೆಯದಲ್ಲೇ ಕೆಲಸಕ್ಕೆ ಸೇರಿದವರು. ಡಿ’ಆಂಜೆಲಿಕೊ ಅವರ ‘ನ್ಯೂಯಾರ್ಕರ್’ ಎಂದರೆ ಆರ್ಚ್‌ಟಾಪ್‌ಗಳಲ್ಲೇ ಮದುವಣಗಿತ್ತಿ. ಚಿಪ್ಪು, ಪದರಪದರದ ಅಂಚುಪಟ್ಟಿ, ಚಿನ್ನದ ಲೇಪ, ಎಲ್ಲವೂ ಉಂಟು. 1964ರಲ್ಲಿ ಗುರು ತೀರಿಕೊಂಡ ಮೇಲೆ ಶಿಷ್ಯ ಮೊದಲು ಅದೇ ಶೃಂಗಾರವನ್ನು ಮುಂದುವರಿಸಿದ. ಆಮೇಲೆ ಒಂದೊಂದಾಗಿ ಕಳಚುತ್ತ ಬಂದ. ಲೋಹದ ಟೇಲ್‌ಪೀಸ್ ಹೋಗಿ ಕರಿಮರದ್ದು ಬಂತು, ಪ್ಲಾಸ್ಟಿಕ್ ಅಂಚುಪಟ್ಟಿ ಹೋಯಿತು, ಚಿಪ್ಪು ಹೋಯಿತು. 1995ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಮಾಡಿದ ‘ಸೋಲೊ’ದಂಥ ಗಿಟಾರುಗಳು ಬರಿಯ ಮರ. ಚಿಪ್ಪು ಕೂರಿಸಲು ಬಾರದೆ ಬಿಟ್ಟವನಲ್ಲ ಅವನು, ಬಲ್ಲವನಾಗಿ ಬಿಟ್ಟವನು. ಅವನ ಗಿಟಾರುಗಳಿಗೆ ಕಲಿಯುವವರವು ಎನ್ನುವ ಧೈರ್ಯ ಯಾರಿಗಿದೆ?

ಇಷ್ಟು ಕಟುವಾಗಿ ಬರೆಯಲು ಇನ್ನೊಂದು ಕಾರಣವಿದೆ. ಅದನ್ನೂ ಹೇಳಿಬಿಡುತ್ತೇನೆ. ನಾನು ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಪ್ರಯೋಗದ ದಾಖಲೆ ಪುಸ್ತಕಕ್ಕೆ ‘ಅಚ್ಚುಕಟ್ಟು’ ಎಂದು ಐದು ಅಂಕ ಇಟ್ಟಿದ್ದೆ. ಕಂದು ಕಾಗದದ ಹೊದಿಕೆ, ಅಂಟಿಸಿದ ಹೆಸರುಚೀಟಿ, ಬಣ್ಣದ ಶಾಯಿಯಲ್ಲಿ ಎಳೆದ ಗೆರೆ ಇದ್ದವರಿಗೆ ಐದು. ಒಬ್ಬ ಹುಡುಗ ಮೂರು ವರ್ಷವೂ ದಿನಪತ್ರಿಕೆಯ ಹಾಳೆ ಹೊದಿಸಿದ ಪುಸ್ತಕ ತರುತ್ತಿದ್ದ. ಮೂರು ವರ್ಷವೂ ಎರಡೇ ಅಂಕ ಕೊಟ್ಟೆ. ಅವನ ಸೋನೋಮೀಟರ್ ಪ್ರಯೋಗದ ಎಣಿಕೆಗಳು ಇಡೀ ತರಗತಿಯಲ್ಲೇ ಅತ್ಯಂತ ಕರಾರುವಾಕ್ಕಾಗಿದ್ದವು ಎಂಬುದನ್ನು ನಾನು ನೋಡದೆ ಇರಲಿಲ್ಲ, ನೋಡಿಯೇ ಕೊಟ್ಟೆ. ಒಂದು ದಿನ ಅವನು ಪುಸ್ತಕವನ್ನು ಮೇಜಿನ ಮೇಲೆ ಬೋರಲಾಗಿ, ಹೊದಿಕೆ ಕಾಣದಂತೆ ಇಟ್ಟುಹೋದ. ಆಗ ಅರ್ಥವಾಗಲಿಲ್ಲ. ಪಿಯಾನೋದ ಮರೆಯಲ್ಲಿ ಕೂರುವ ಹುಡುಗಿಯ ಸುದ್ದಿ ಓದಿದ ರಾತ್ರಿ ಆ ಬೋರಲು ಪುಸ್ತಕ ಕಣ್ಣಮುಂದೆ ಬಂತು, ನಿದ್ದೆ ಬರಲಿಲ್ಲ. ಆ ಹುಡುಗನಿಗೆ ಈಗ ಐವತ್ತರ ಹತ್ತಿರ. ಈ ಪುಟವನ್ನು ಓದುತ್ತಾನೆ, ಹಬ್ಬಕ್ಕೆ ಶುಭಾಶಯವನ್ನೂ ಕಳುಹಿಸುತ್ತಾನೆ. ಆ ಮೂರು ಅಂಕಗಳು ನನ್ನ ಬಳಿಯೇ ಉಳಿದಿವೆಯಪ್ಪಾ, ಇನ್ನು ಕೊಡಲು ದಾರಿಯಿಲ್ಲ.

ಸೋದರಳಿಯನಿಗೆ ನಾನು ಕೊಟ್ಟ ಸಲಹೆ ಇದು: ಹೊಸ ಗಿಟಾರಿನ ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ತೆಗೆದುಕೊಂಡು ಒಳ್ಳೆಯ ಕೆಲಸಗಾರನ ಬಳಿಗೆ ಹೋಗು. ಸವೆದ ಫ್ರೆಟ್‌ಗಳನ್ನು ಸಮಮಾಡಿಸು, ತಂತಿಯ ಎತ್ತರ ಸರಿಪಡಿಸು, ತಲೆಯ ಬಳಿ ತಂತಿ ಕೂರುವ ಪ್ಲಾಸ್ಟಿಕ್ ನಟ್ಟನ್ನು ತೆಗೆಸಿ ಮೂಳೆಯದು ಹಾಕಿಸು. ಇವು ಕೈಗೂ ಕಿವಿಗೂ ತಿಳಿಯುವ ಸಂಗತಿಗಳು. ಉಳಿದ ಹಣದಲ್ಲಿ ಒಂದು ವರ್ಷ ಒಳ್ಳೆಯ ಗುರುವಿನ ಬಳಿ ಪಾಠ ಹೇಳಿಸು.

ಅವನಿಂದ ಒಂದೇ ಸಾಲಿನ ಉತ್ತರ ಬಂತು. “ಇದನ್ನು ಅವಳಿಗೆ ನೀವೇ ಹೇಳಿ ಮಾವ.” ಭಾನುವಾರ ದೂರವಾಣಿಯಲ್ಲಿ ಹೇಳಿದೆ. ಚುಕ್ಕೆಯ ಕತೆ, ಚಾರ್ಲಿ ಕ್ರಿಶ್ಚಿಯನ್ನನ ಕತೆ, ಎಲ್ಲವನ್ನೂ. ಅವಳು ತಾಳ್ಮೆಯಿಂದ ಕೇಳಿದಳು, ಅಮೆರಿಕದ ಮಕ್ಕಳಿಗೆ ತಾಳ್ಮೆಯಿಲ್ಲವೆನ್ನುವುದು ಸುಳ್ಳು. ಕೊನೆಗೆ, “ಆದ್ರೆ ತಾತ, ಆ ಆಯತದ ಗಿಟಾರು ನೋಡೋಕೆ ಚೆನ್ನಾಗಿದೆ ಅಲ್ವಾ?” ಎಂದಳು.

ಚೆನ್ನಾಗಿದೆ ಕಂದ, ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಬರುವ ಶನಿವಾರ ತಂದೆ ಮಗಳು ಅಂಗಡಿಗೆ ಹೋಗುವವರಿದ್ದಾರೆ. ತನ್ನ ಗಿಟಾರನ್ನೂ ಜೊತೆಗೆ ಒಯ್ಯುವಂತೆ ಹೇಳಿದ್ದೇನೆ. ಅವಳು ಅಂಗಡಿಯ ಗೋಡೆಯತ್ತ ಮುಖ ಮಾಡಿ, ಕಣ್ಣು ಮುಚ್ಚಿಕೊಂಡು ಕೂರಬೇಕು. ಅವಳ ತಂದೆ ಎರಡು ಗಿಟಾರುಗಳನ್ನೂ, ಯಾವುದು ಯಾವುದೆಂದು ಹೇಳದೆ, ಒಂದಾದ ಮೇಲೊಂದರಂತೆ ಅವಳ ಕೈಗೆ ಕೊಡಬೇಕು. ಹತ್ತು ಸಲ. ಯಾವುದು ಹಿತವೆನಿಸಿತೆಂದು ಅವಳು ಹೇಳಿದ್ದನ್ನು ಅವನು ಒಂದು ಕಾಗದದಲ್ಲಿ ಬರೆದುಕೊಂಡು ನನಗೆ ಕಳುಹಿಸಬೇಕು.